ಕೆ ಸೈಲೆಂಟ್ ಅಲ್ಲ

ನಾನು ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷ್ ಅಕ್ಷರ ಕಲಿತದ್ದು ಅರವತ್ತು ದಾಟಿದ ಮೇಲೆ, ಮೊಮ್ಮಗಳ ಪುಸ್ತಕದಲ್ಲಿ. 'ನೈಫ್' ಎನ್ನುವುದನ್ನು 'ಕ್ನಿಫೆ' ಎಂದು ಓದಿದೆ. ಕೆ ಸೈಲೆಂಟು ಎಂದು ಹುಡುಗಿ ಬಿದ್ದು ಬಿದ್ದು ನಕ್ಕಳು. ಮಾತಾಡದ ಅಕ್ಷರಕ್ಕೆ ಸಾಲಿನಲ್ಲಿ ಜಾಗ ಯಾಕೆ ಕೊಟ್ಟಿದ್ದಾರೆ ಎಂದು ಕೇಳಿದೆ. ಅವಳ ಟೀಚರಿಗೂ ಗೊತ್ತಿರಲಿಲ್ಲ.

ಸಿಂಗಸಂದ್ರದ ನಮ್ಮ ಮಹಡಿಗೆ ಪಿಯಾನೊ ಕಲಿಸುವವಳೊಬ್ಬಳು ಬಾಡಿಗೆಗೆ ಬಂದಳು. ಆರು ನೂರು ವರ್ಷ ಹಿಂದಿನ ಇಂಗ್ಲಿಷ್ ಪದ್ಯಕ್ಕೆ ರಾಗ ಹಾಕಿ, ಪಿಯಾನೊ ಜೊತೆ ಎಂಟು ಜನರಿಂದ ಹಾಡಿಸುವುದು ಅವಳ ಹುಚ್ಚು. ಎಂಟೂ ಜನ ಎಲೆಕ್ಟ್ರಾನಿಕ್ ಸಿಟಿಯ ಇಂಜಿನಿಯರುಗಳು. ಆ ಕಾಲದಲ್ಲಿ ಕೆಯನ್ನೂ ನುಡಿಯುತ್ತಿದ್ದರಂತೆ, ಪದದ ಕೊನೆಯ ಅಕ್ಷರವನ್ನೂ ಬಿಡುತ್ತಿರಲಿಲ್ಲವಂತೆ. ಅವಳು ಅದಕ್ಕೆ ತಕ್ಕಂತೆ ಸ್ವರ ಹಾಕಿದ್ದಳು. ಇವರೋ ಕಾನ್ವೆಂಟಿನವರು. ಎಷ್ಟು ತಿದ್ದಿದರೂ ಅಕ್ಷರ ಕಂಡ ಕೂಡಲೇ ನಾಲಿಗೆ ಶಾಲೆಯ ದಾರಿ ಹಿಡಿಯುತ್ತಿತ್ತು. ಪದ ಮುಗಿದಿರುತ್ತಿತ್ತು, ಸ್ವರ ಮಾತ್ರ ಊಟ ಮುಗಿದ ಮೇಲೆ ಬಂದ ಸಾರಿನಂತೆ ಉಳಿಯುತ್ತಿತ್ತು.

ಭಾನುವಾರ ಕಾರ್ಯಕ್ರಮ. ಶುಕ್ರವಾರದೊಳಗೆ ಸರಿಹೋಗದಿದ್ದರೆ ಅವಳ ಹಾಡು ಬಿಟ್ಟು ಎಲ್ಲರಿಗೂ ಗೊತ್ತಿರುವ ಯಾವುದಾದರೂ ಹಾಡಿಸುತ್ತೇವೆ ಎಂದು ನಡೆಸುವವರು ಹೇಳಿದ್ದರು. ಎರಡು ವರ್ಷ ಕೂತು ಕಟ್ಟಿದ ಹಾಡು. ಬುಧವಾರ ಸಂಜೆ ನುಗ್ಗೆಕಾಯಿ ಕೊಡಲು ಹೋದಾಗ ಎಂಟು ಜನರ ನಡುವೆ ಮುಖ ಇಳಿಬಿಟ್ಟು ಕೂತಿದ್ದಳು. ನಾನು ಪಿಯಾನೊ ಮೇಲಿನ ಹಾಳೆ ತೆಗೆದು ನನ್ನ ಪಾಡಿಗೆ ಓದಿದೆ: ಕ್ನಿಘ್ಟ್, ನಾಮೆ, ಲೊವೆ. ಎಂಟೂ ಜನ ನಕ್ಕರು. ಅವಳು ನಗಲಿಲ್ಲ.

"ಅಜ್ಜಿ, ಇನ್ನೊಂದ್ಸಲ ಓದಿ."

"ಆಡ್ಕೊಳ್ಳಾಕೆ ನಾನೇ ಸಿಕ್ಕಿದ್ನೇನಮ್ಮಾ?"

"ಇಲ್ಲ ಅಜ್ಜಿ. ಹೆಚ್ಚುಕಮ್ಮಿ ಹಿಂಗೇ ಬೇಕು ನಂಗೆ. ಇವ್ರ ಬಾಯಲ್ಲಿ ಬರ್ತಿಲ್ಲ."

"ಎಲ್ಲಿಂದ ಬಂದಾತು? ಇಂಗ್ಲಿಷ್ ಕಂಡ್ರೆ ನುಂಗಿ ನುಂಗಿ ಅಭ್ಯಾಸ ಆಗೈತೆ. ಕನ್ನಡದಾಗೆ ಬರ್ಕೊಡು. ಅದ್ರಾಗೆ ನುಂಗಾಕಾಗಲ್ಲ."

ಅವಳು ಅಲ್ಲೇ ಕೂತು ಇಡೀ ಪದ್ಯವನ್ನು, ಅಂದಿನವರು ನುಡಿಯುತ್ತಿದ್ದಂತೆ, ಕನ್ನಡ ಅಕ್ಷರದಲ್ಲಿ ಬರೆದಳು. ಆರು ಜನರಿಗೆ ಕನ್ನಡ ಓದಲು ಬರುತ್ತಿತ್ತು, ಒತ್ತಕ್ಷರ ಮರೆತಿದ್ದರು. ಅದನ್ನು ನಾನು ತೋರಿಸಿದೆ. ಮಿಕ್ಕಿಬ್ಬರು ಪಕ್ಕದವರ ಬಾಯಿ ನೋಡಿ ಕಲಿತರು. ಶುಕ್ರವಾರ ನಡೆಸುವವರು ಬಂದು ಕೇಳಿ ಒಪ್ಪಿದರು.

ಭಾನುವಾರ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಒಂದು ಸ್ವರವೂ ಅನಾಥವಾಗಲಿಲ್ಲ. ಮುಗಿದಾಗ ಅವಳು ಪಿಯಾನೊ ಮೇಲಿಂದ ಕೈ ತೆಗೆಯುವುದನ್ನೇ ಮರೆತಿದ್ದಳು. ಚಪ್ಪಾಳೆ ಜೋರಾಗಿಯೇ ಬಿತ್ತು. ಪಕ್ಕದಲ್ಲಿದ್ದ ಕೋಟಿನ ಯಜಮಾನರು ಹಾಡುವವರು ತಗ್ಗಿಸಿದ ಹಾಳೆಗಳ ಮೇಲಿನ ಕನ್ನಡ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ನೋಡಿ, ನನ್ನತ್ತ ಬಾಗಿದರು.

"ಹಳಗನ್ನಡ ಅಲ್ವೇನಮ್ಮಾ? ಎಷ್ಟು ಗಂಭೀರವಾಗಿತ್ತು. ಒಂದಕ್ಷರ ಅರ್ಥ ಆಗ್ಲಿಲ್ಲ ನೋಡಿ."

ಹಳೆಯದಂತೂ ಹೌದು ಎಂದೆ.