ನಾನು ಮಂತ್ರಿ ಮಾಡಿದ ಜರ್ಮನ್ ಸಂಸದೆ

ಚಳಿಗಾಲದಲ್ಲಿ ಕೆನಡಾದ ಎರಿನ್ ಮಿಲ್ಸ್‌ನ ಮಾಲಿನೊಳಗೆ, ಅಂಗಡಿಗಳು ತೆರೆಯುವ ಮೊದಲೇ, ಒಂದಷ್ಟು ಜನ ಸುತ್ತು ಹಾಕುತ್ತಿರುತ್ತಾರೆ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರ ಮಾತು ಕೇಳಿ ನಾನೂ ಅವರ ಜತೆ ಸೇರಿದೆ. ನನ್ನ ವೇಗಕ್ಕೆ ಸರಿಹೊಂದುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಜರ್ಮನ್ ಮಹಿಳೆ ಮಾತ್ರ. ಅವರು ನನಗಾಗಿಯೇ ನಿಧಾನವಾಗಿ ನಡೆಯುತ್ತಿದ್ದರೆಂದು ತಿಳಿಯಲು ನನಗೆ ಇಡೀ ಚಳಿಗಾಲ ಹಿಡಿಯಿತು.

ಮಗಳ ಮನೆಯಲ್ಲಿ ನೆಲೆಸಿದ್ದ ಅವರು ಒಳ್ಳೆಯ ಕೇಳುಗರು. ನಾನು ಒಳ್ಳೆಯ ಮಾತುಗಾರ ಎಂಬುದು ನನ್ನದೇ ಅಭಿಪ್ರಾಯ. ನಡೆಯುತ್ತಾ ನಡೆಯುತ್ತಾ ನಾನು ಅವರಿಗೆ ಧಾರವಾಡದ ರಾಜಕೀಯ ಹೇಳಿದೆ, ದೆಹಲಿಯದು ಹೇಳಿದೆ, ಕೆನಡಾದ್ದೂ ಹೇಳಿದೆ. ಸಂಸತ್ತಿನಲ್ಲಿ ಒಂದು ಮಸೂದೆ ಹೇಗೆ ಪಾಸಾಗುತ್ತದೆ ಎಂಬುದನ್ನೂ ಬಿಡಿಸಿ ಬಿಡಿಸಿ ವಿವರಿಸಿದೆ. ಅವರು ತಲೆಯಾಡಿಸುತ್ತಿದ್ದರು. ಹೀಗೆ ಎಷ್ಟೋ ದಿನ ಕಳೆದ ಮೇಲೆ, ನೀವು ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳುವ ಸೌಜನ್ಯ ನನಗೆ ಹೊಳೆಯಿತು. ಶಾಲೆಯಲ್ಲಿ ಟೀಚರ್ ಆಗಿದ್ದೆ, ಆಮೇಲೆ ಮೂರು ಅವಧಿ ಜರ್ಮನಿಯ ಸಂಸತ್ತಿನಲ್ಲಿದ್ದೆ ಎಂದರು.

ನನ್ನ ಕಾಲು ಅಲ್ಲೇ ನಿಂತಿತು. ಅವರು ಹಿಂತಿರುಗಿ ನೋಡಿ, ಮಂಡಿ ನೋವೇ ಎಂದು ವಿಚಾರಿಸಿದರು.

ಮುಂದೆ ಒಂದೆರಡು ದಿನ ನಾನು ಕೇಳಿದೆ, ಅವರು ಹೇಳಿದರು. ತಮ್ಮ ಕ್ಷೇತ್ರದಲ್ಲಿ ಅವರು ಪ್ರತಿ ಸಲವೂ ಸೋತಿದ್ದರಂತೆ. ಆದರೆ ಅಲ್ಲಿ ಮತದಾರನಿಗೆ ಎರಡು ಮತ: ಒಂದು ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಪಕ್ಷದ ಪಟ್ಟಿಯಲ್ಲಿ ಮೇಲಿದ್ದವರು ಕ್ಷೇತ್ರದಲ್ಲಿ ಸೋತರೂ ಒಳಗೆ ಹೋಗಬಹುದು. ಕೊನೆಗೊಂದು ಸಲ ಪಕ್ಷದವರು ಹೊಸಬರಿಗೆ ಜಾಗ ಮಾಡಲು ಇವರ ಹೆಸರನ್ನು ಪಟ್ಟಿಯ ಕೆಳಕ್ಕೆ ತಳ್ಳಿದರು. ಅಲ್ಲಿಗೆ ರಾಜಕೀಯ ಜೀವನ ಮುಗಿಯಿತು. ಇದನ್ನು ಅವರು ಮನೆ ಹತ್ತಿರದ ಬೇಕರಿ ಮುಚ್ಚಿದ ಸುದ್ದಿಯಂತೆ ಹೇಳಿದರು. ಕೆಂಪು ದೀಪದ ಕಾರು, ಗನ್‌ಮ್ಯಾನ್ ಎಲ್ಲ ಇತ್ತೇ ಎಂದು ಕೇಳಿದೆ. ರೈಲಿನಲ್ಲಿ ಓಡಾಡುತ್ತಿದ್ದೆ ಎಂದರು. ನನಗೆ ಸ್ವಲ್ಪ ನಿರಾಸೆಯಾಯಿತು.

ಅಷ್ಟರಲ್ಲಿ ನಮ್ಮ ಕನ್ನಡ ಕೂಟದ ಯುಗಾದಿ ಬಂತು. ಮುಖ್ಯ ಅತಿಥಿಯಾಗಿ ಬರಬೇಕಿದ್ದ ಇಲ್ಲಿನ ಜನಪ್ರತಿನಿಧಿ, ಬರಲಾಗುವುದಿಲ್ಲವೆಂದು ಚೌಕಟ್ಟು ಹಾಕಿದ ಶುಭಾಶಯ ಪತ್ರವೊಂದನ್ನು ಕಳಿಸಿದ್ದರು. ನಾನು ಕೂಟದ ಕಾರ್ಯದರ್ಶಿಗೆ ಫೋನ್ ಮಾಡಿ, ನನಗೆ ಆಪ್ತರಾದ ಜರ್ಮನ್ ಸಂಸದೆಯೊಬ್ಬರಿದ್ದಾರೆ ಎಂದೆ. ‘ಆಪ್ತರಾದ’ ಎಂಬ ಪದಕ್ಕೆ ಒತ್ತು ಕೊಟ್ಟೆ. ಬೆಂಗಳೂರಿನ ಆ ಹುಡುಗಿ, “ವಾವ್, ಹಾಗಿದ್ರೆ ಇಂಟ್ರೊಡಕ್ಷನ್ ನೀವೇ ಮಾಡ್ಬಿಡಿ ಅಂಕಲ್, ಎರಡೇ ನಿಮಿಷ,” ಅಂದಳು. ಕೊನೆಯ ಎರಡು ಪದ ನನಗೆ ಕೇಳಿಸಲಿಲ್ಲ.

ಒಂದು ವಾರ ಕೂತು ಬರೆದೆ. ಹೆಂಡತಿಗೆ ಓದಿ ಹೇಳಿದೆ. ಅವಳು ಸೊಪ್ಪು ಸೋಸುತ್ತಲೇ, “ಇದರಾಗ ಆಕಿಕಿಂತಾ ನೀವೇ ಭಾಳ ಅದೀರಿ,” ಅಂದಳು. ಮಗಳು, “ಅಪ್ಪಾ, ಇಟ್ಸ್ ಅ ಬಿಟ್ ಲಾಂಗ್,” ಅಂದಳು. ಮನೆಯಲ್ಲಿ ಸಾಹಿತ್ಯಾಭಿರುಚಿ ಕಡಿಮೆಯಾಗಿದೆ ಎಂದುಕೊಂಡೆ.

ಬರಲು ಒಪ್ಪಿದ ಅತಿಥಿಗೆ ಒಂದಾದರೂ ಕನ್ನಡ ವಾಕ್ಯ ಹೇಳುವ ಆಸೆಯಿತ್ತು. ನಾನು ‘ಸಮಸ್ತ ಕನ್ನಡ ಬಾಂಧವರಿಗೆ ನನ್ನ ಹೃತ್ಪೂರ್ವಕ ವಂದನೆಗಳು’ ಎಂದು ಹೇಳಿಕೊಟ್ಟೆ. ‘ಹೃತ್ಪೂರ್ವಕ’ದಲ್ಲಿ ಅವರ ನಾಲಿಗೆ ಸಿಕ್ಕಿಕೊಂಡಿತು. ಕಾರ್ಯಕ್ರಮಕ್ಕೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಹೆಂಡತಿ ಅವರ ಕಿವಿಯಲ್ಲಿ ಏನೋ ಹೇಳಿಕೊಡುತ್ತಿದ್ದಳು. ನನ್ನ ಗಮನವೆಲ್ಲ ನನ್ನ ಭಾಷಣದ ಮೇಲಿತ್ತು.

ಶಾಲೆಯೊಂದರ ಸಭಾಂಗಣ. ಹಿಂದುಗಡೆ ಹೋಳಿಗೆ, ಚಿತ್ರಾನ್ನದ ಟ್ರೇಗಳು. ವೇದಿಕೆಯ ಪಕ್ಕದಲ್ಲಿ ಗೆಜ್ಜೆ ಕಟ್ಟಿ ನಿಂತ ಮಕ್ಕಳು. ನಾನು ಜರ್ಮನಿಯ ಇತಿಹಾಸದಿಂದ ಶುರು ಮಾಡಿದೆ. ಪ್ರಜಾಪ್ರಭುತ್ವಕ್ಕೆ ಬಂದೆ. ಅಲ್ಲಿಂದ ನನ್ನ ಮಂಡಿ ನೋವಿಗೆ ಹೇಗೆ ಬಂದೆನೋ ನನಗೇ ತಿಳಿಯದು. ಕಾರ್ಯದರ್ಶಿ ಕೆಳಗಿನಿಂದ ಗಡಿಯಾರ ತೋರಿಸಿದಳು. ಜನ ಮೈಮರೆತು ಕೇಳುತ್ತಿದ್ದಾರೆ, ಅದನ್ನು ಸನ್ನೆ ಮಾಡಿ ಹೇಳುತ್ತಿದ್ದಾಳೆ ಎಂದುಕೊಂಡೆ. ಆ ಹುರುಪಿನಲ್ಲಿ ಅತಿಥಿಯನ್ನು ‘ಜರ್ಮನಿಯ ಮಾಜಿ ಮಂತ್ರಿಗಳು’ ಎಂದು ಕರೆದೆ. ಕನ್ನಡದಲ್ಲಷ್ಟೇ ಹೇಳಿದ್ದರೆ ಉಳಿದುಕೊಳ್ಳುತ್ತಿದ್ದೆ. ಅವರಿಗೂ ಸಂತೋಷವಾಗಲೆಂದು ಇಂಗ್ಲಿಷಿನಲ್ಲೂ ಹೇಳಿದೆ.

ಅವರು ಮೈಕಿನ ಮುಂದೆ ಬಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು: “ನಾನು ಮಂತ್ರಿಯಾಗಿರಲಿಲ್ಲ. ನನ್ನ ಸ್ನೇಹಿತರು ಇವತ್ತು ಮಾಡಿದ್ದಾರೆ, ಅದಕ್ಕೆ ಥ್ಯಾಂಕ್ಸ್.”

ಸಭೆ ನಕ್ಕಿತು. ಅವರು ಮುಂದುವರಿಸಿದರು. ಸಂಸತ್ತಿನಲ್ಲಿ ಅವರ ಹೆಚ್ಚಿನ ವರ್ಷ ಜನರ ಅರ್ಜಿ ನೋಡುವ ಸಮಿತಿಯಲ್ಲಿ ಕಳೆದವಂತೆ. ಪಿಂಚಣಿ ಬಾರದ ಮುದುಕ, ರೈಲಿನ ಸದ್ದಿಗೆ ನಿದ್ದೆಯಿಲ್ಲದ ಊರು, ಇಂಥವು. ಹೆಚ್ಚಿನವರಿಗೆ ಏನೂ ಮಾಡಲಾಗದೆಂದೇ ಉತ್ತರಿಸಬೇಕಿತ್ತು; ಅದನ್ನು ಮರ್ಯಾದೆಯಿಂದ ಹೇಳುವುದನ್ನು ಕಲಿತೆ ಎಂದರು. ಆಮೇಲೆ ಮಕ್ಕಳ ಕಡೆಗೊಮ್ಮೆ, ಟ್ರೇಗಳ ಕಡೆಗೊಮ್ಮೆ ನೋಡಿ, ತಪ್ಪಿಲ್ಲದ ಧಾರವಾಡ ಕನ್ನಡದಲ್ಲಿ ಅಂದರು:

“ಊಟ ಆರ್ಲಿಕತ್ತದ. ಹುಡುಗ್ರಾ, ಲಗೂನ ಕುಣೀರಿ.”

ಅಂಥ ಚಪ್ಪಾಳೆಯನ್ನು ಆ ಸಭಾಂಗಣದಲ್ಲಿ ನಾನು ಕೇಳಿಲ್ಲ. ನನ್ನ ಹೆಂಡತಿ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

ಊಟದ ಹೊತ್ತಿಗೆ ಅವರ ಸುತ್ತ ಜನ. ಬೆಳಗಾವಿಯ ಅಜ್ಜಿಯೊಬ್ಬರು ಇಲ್ಲಿ ತಮ್ಮ ಮನೆ ಮುಂದಿನ ಬಸ್ ಸ್ಟಾಪನ್ನು ದೂರ ಒಯ್ದಿದ್ದಾರೆಂದು ದೂರು ಹೇಳುತ್ತಿದ್ದರು, ಮೊಮ್ಮಗಳು ಇಂಗ್ಲಿಷಿಗೆ ಮಾಡುತ್ತಿದ್ದಳು. ಅತಿಥಿ ಹೋಳಿಗೆ ಕೈಯಲ್ಲೇ ಹಿಡಿದುಕೊಂಡು ಕೇಳುತ್ತಿದ್ದರು. ಅನುವಾದಕ್ಕೆ ನಾನು ಮುಂದಾದೆ. ಈ ಹುಡುಗಿಯೇ ಸಾಕು, ನೀವು ಊಟ ಮಾಡಿ ಎಂದರು.

ಮರಳುವಾಗ ಕಾರಿನಲ್ಲಿ ಕ್ಷಮೆ ಕೇಳಿದೆ. ಅವರು ನಕ್ಕು, ಸಂಸತ್ತಿನಲ್ಲಿ ತಮ್ಮ ಕೊನೆಯ ಭಾಷಣವನ್ನು ಖಾಲಿ ಕುರ್ಚಿಗಳ ಮುಂದೆ ಮಾಡಿದ್ದಾಗಿ ಹೇಳಿದರು. ಇವತ್ತು ಸಭೆ ತುಂಬಿತ್ತಲ್ಲ ಎಂದರು. ನನ್ನ ಭಾಷಣ ಹೇಗಿತ್ತು ಎಂದು ನಾನು ಕೇಳಿದೆ, ಕೇಳದೆ ಇರಲಾಗಲಿಲ್ಲ. ಅವರು, ನಿಮ್ಮ ದನಿ ಚೆನ್ನಾಗಿದೆ ಎಂದರು. ಹಿಂದಿನ ಸೀಟಿನಿಂದ ಹೆಂಡತಿ, ಅರ್ಜಿ ಹಾಕಿದ ಹೆಚ್ಚಿನವರಿಗೆ ಮರ್ಯಾದೆಯಿಂದ ಕೊಡುತ್ತಿದ್ದ ಉತ್ತರ ಅಂದರೆ ಇದೇ ಏನು ಎಂದು ಅವರನ್ನು ಕೇಳಿದಳು.