ಪ್ಲೇನೋದ ಎರಡು ಕೋಳಿ

ಪರದೇಶದ ಪ್ಲೇನೋ ಊರಲ್ಲಿ ಒಬ್ಬನೇ ಇದ್ದೆ. ಒಂದಿನ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಪಕ್ಕದ ಮನೆಯ ಡಚ್ ಅಜ್ಜ ಡಿ ಹಾನ್ ನನ್ನ ಅಡ್ಡಹೆಸರಿನ ಅರ್ಥ ಕೇಳಿದ.

"ಕೋಳಿ," ಅಂದೆ. ಧಾರವಾಡದ ಕಡೆ ಇಂಥ ಅಡ್ಡಹೆಸರು ಬೇಕಾದಷ್ಟು.

ಅಜ್ಜ ಒದ್ದೆ ಬಟ್ಟೆ ಅಲ್ಲೇ ಬಿಟ್ಟು ನಕ್ಕ. "ಹಾನ್ ಅಂದ್ರೂ ಹುಂಜಾನೇ! ನಮ್ಮ ಹಿರಿಯರ ಛತ್ರದ ಬೋರ್ಡಿನ ಮೇಲೆ ಹುಂಜ ಇತ್ತಂತೆ." ಆಮೇಲೆ ಮೆಲ್ಲಗೆ ಅಂದ, "ನಾನೂ ಒಬ್ಬನೇ, ಇಲ್ಲಿ ಸತ್ರೂ ಯಾರಿಗೂ ಗೊತ್ತಾಗಲ್ಲ."

"ಬೆಳಿಗ್ಗೆ ಎದ್ದ ಕೂಡಲೇ ನನಗೆ ಒಂದೇ ರಿಂಗ್ ಕೊಟ್ಟು ಫೋನ್ ಇಟ್ಟುಬಿಡ್ರಿ. ನಾನೂ ಕೊಡ್ತೀನಿ," ಅಂದೆ. ನಮ್ಮೂರಿನ ಚಾಳಿ.

ನಾನು ಹೂಸ್ಟನ್‌ಗೆ ಶಿಫ್ಟ್ ಆಗೋವರೆಗೂ ದಿನಾ ಹಾಗೇ ಕೂಗಿಕೊಂಡೆವು.

ಅಜ್ಜಿಯ ಕೋಳಿ ಕೂಗದಿದ್ದರೂ ಬೆಳಗಾಗುತ್ತೆ ಅಂತಾರೆ. ಬೆಳಗೇನೋ ಆಗುತ್ತೆ, ಎದ್ದಿದ್ದನ್ನ ಯಾರಿಗೆ ಹೇಳೋದು?