ಕಿಟಕಿಯಿಂದ ಮರಳಿ ಬಂದ ಪೊಟ್ಟಣ

ಆ ಭಾನುವಾರ ಬೆಳಿಗ್ಗೆ ಎರ್ನಾಕುಳಂ ಪಾಲಾರಿವಟ್ಟಂನ ನಮ್ಮ ಮನೆಯಲ್ಲಿ ಮೂರು ಜನ ಇದ್ದೆವು. ನಾನು, ನಮ್ಮನೆಯವರು, ಮತ್ತು ಮೇಲಿನ ಮಹಡಿಯ ಸುಧಾ. ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುತ್ತಿದ್ದವಳಲ್ಲ. ಸತ್ತುಹೋದ ಅತ್ತೆ ಬಾವಿಕಟ್ಟೆಯ ಮೇಲೆ ಕೂತಿದ್ದರೆಂದು ನಮ್ಮಜ್ಜಿ ಕಥೆ ಹೇಳುವಾಗ, ‘ಆಗ ನಿನ್ನ ಕನ್ನಡಕ ಎಲ್ಲಿತ್ತಜ್ಜಿ’ ಎಂದು ಕೇಳಿ ಬೈಸಿಕೊಂಡವಳು. ವರ್ಷಗಟ್ಟಲೆ ಬ್ಯಾಂಕಿನಲ್ಲಿ ಸಹಿ ತಾಳೆ ನೋಡಿದ ಕಣ್ಣು ನನ್ನದು. ಹೆಸರು ಮರೆತೇನು, ಮುಖ ತಪ್ಪಲಾರೆ ಎಂಬ ಜಂಬ ಬೇರೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಕೇರಳದಲ್ಲಿರುವ ನಮ್ಮಂಥ ಕನ್ನಡಿಗರು, ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಯವರು ಒಂದು ರೂಢಿ ಇಟ್ಟುಕೊಂಡಿದ್ದೇವೆ. ಯಾರಾದರೂ ಊರಿಗೆ ಹೊರಟರೆ ಮೊದಲೇ ತಿಳಿಸಬೇಕು. ಬರುವಾಗ ಎಲ್ಲರಿಗೂ ಸಾರಿನ ಪುಡಿ, ಚಟ್ನಿಪುಡಿ, ಹುರಿಹಿಟ್ಟು ಹೊತ್ತು ತರಬೇಕು. ಇಲ್ಲಿ ಸಿಗದ್ದೇನಲ್ಲ, ಆದರೆ ಊರಿನ ಸಾರು ಊರಿನ ಪುಡಿಯಲ್ಲೇ ಆಗಬೇಕು. ತಿರುವನಂತಪುರದವರ ಪಾಲನ್ನು ಎರ್ನಾಕುಳಂ ಸ್ಟೇಷನ್ನಿನಲ್ಲಿ ಆ ಕಡೆ ಹೋಗುವ ನಮ್ಮವರ ಕೈಗೆ ಕೊಡುವುದು. ಆ ಸಲ ಮೈಸೂರಿಗೆ ಹೋಗಿ ಬಂದವಳು ನಾನು. ಭಾನುವಾರ ಮಧ್ಯಾಹ್ನದ ಗಾಡಿಯಲ್ಲಿ ಕಾಸರಗೋಡಿನಿಂದ ತಿರುವನಂತಪುರಕ್ಕೆ ಮರಳುತ್ತಿದ್ದವರು ಅಲ್ಲಿನ ಕಚೇರಿಯೊಂದರ ಭಟ್ಟರು.

ಬೆಳಿಗ್ಗೆ ಊಟದ ಮೇಜಿನ ಮೇಲೆ ಪೊಟ್ಟಣಗಳನ್ನು ಹರಡಿಕೊಂಡು ಹಂಚುವಾಗ ಸುಧಾಳ ಕೈಗೆ ಅವಳದನ್ನು ಕೊಟ್ಟೆ. ಅವಳು ಅದನ್ನೇ ನೋಡುತ್ತ ನಿಂತಳು. ಆಮೇಲೆ ಗೊತ್ತಾಯಿತು, ನಾನು ಅದರ ಮೇಲೆ ಹಳೇ ಅಭ್ಯಾಸದಲ್ಲಿ ‘ರಘು–ಸುಧಾ’ ಎಂದು ಬರೆದಿದ್ದೆ.

ರಘು ಮತ್ತು ಸುಧಾ ನಾಲ್ಕು ವರ್ಷ ನಮ್ಮ ತಲೆಯ ಮೇಲಿನ ಮನೆಯಲ್ಲೇ ಒಟ್ಟಿಗಿದ್ದರು. ಮದುವೆ ಆಗಿರಲಿಲ್ಲ, ಆಗುತ್ತದೆಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳು ನಮ್ಮ ಬ್ಯಾಂಕಿನವಳೇ, ಅವನು ಹಾಸನದ ಕಡೆಯ ಇಂಜಿನಿಯರ್. ನಮ್ಮ ಅಡಿಗೆಮನೆಯಲ್ಲಿ ಒಲೆಯ ಪಕ್ಕ ನಿಂತೇ ಆರು ದೋಸೆ ತಿನ್ನುತ್ತಿದ್ದ. ತಮ್ಮ ಇಲ್ಲದ ನನಗೆ ಅವನು ‘ಅಕ್ಕಾ’ ಎಂದರೆ ಏನೋ ಸುಖ. ತಿರುವನಂತಪುರದ ಹತ್ತಿರದ ವಿಳಿಂಜಂನಲ್ಲಿ ಹೊಸ ಬಂದರಿನ ಕೆಲಸ ಸಿಕ್ಕಿ ಹೋದವನು ಎರಡೇ ತಿಂಗಳಿಗೆ, ಸ್ವಲ್ಪ ದಿನ ಒಬ್ಬನೇ ಇರುತ್ತೇನೆ, ನನಗೇ ಏನೂ ತಿಳಿಯುತ್ತಿಲ್ಲ ಎಂದು ಹೇಳಿಬಿಟ್ಟ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಎನ್ನಲಿಲ್ಲ. ಎಂಟು ತಿಂಗಳಾದರೂ ಅವನ ಚಪ್ಪಲಿ ಸುಧಾಳ ಬಾಗಿಲಲ್ಲಿ ಹಾಗೇ ಇತ್ತು.

ಈಗ ಇನ್ನೊಂದು ತೊಡಕು ಬಂದಿತ್ತು. ಅವಳು ಹಿಂದೆಂದೋ ಕೇಳಿದ್ದ ಮೈಸೂರಿನ ವರ್ಗಾವಣೆ ಹಿಂದಿನ ಸಂಜೆಯಷ್ಟೇ ಬಂದಿತ್ತು. ಬೇಕೋ ಬೇಡವೋ ಸೋಮವಾರ ಬರೆದು ಕೊಡಬೇಕು. ಬೇಡವೆಂದರೆ ಮತ್ತೆ ಸುಲಭಕ್ಕೆ ಸಿಗುವುದಲ್ಲ. ಸಂಗತಿ ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ತಾಯಿಗೂ ಅವಳು ಹೇಳಿರಲಿಲ್ಲ, ಹೇಳಿದರೆ ಅಲ್ಲಿಂದಲೇ ಮನೆ ಹುಡುಕಲು ಶುರು ಮಾಡುತ್ತಾರೆಂದು.

“ನಾನು ಹೋಗಿಬಿಟ್ಟು, ಅವನು ಬಂದು ಬೀಗ ನೋಡಿದ್ರೆ? ಕಾಯ್ಲಾ ಅಕ್ಕ, ಬಿಟ್ಬಿಡ್ಲಾ?” ಎಂದು ಕೇಳಿದಳು.

ಕಾಯಿ ಎಂದೆ. ನನಗೆ ಅವನ ಮೇಲೆ ಅಷ್ಟು ಅಕ್ಕರೆ. ನಮ್ಮನೆಯವರು ಪೇಪರಿನ ಹಿಂದಿನಿಂದಲೇ, “ಬಸ್ಸಿಗೆ ಕಾಯೋಕೂ ಒಂದು ಟೈಂ ಇರುತ್ತಮ್ಮ,” ಎಂದರು. ಸುಧಾ ನಕ್ಕಳು. ನಕ್ಕು, ಆ ಪೊಟ್ಟಣವನ್ನು ತಿರುವನಂತಪುರದ ಚೀಲಕ್ಕೆ ತಾನೇ ಹಾಕಿದಳು. ಭಟ್ಟರು ಅವನಿಗೆ ತಲುಪಿಸಲಿ, ಪುಡಿ ಖಾಲಿಯಾಗಿರುತ್ತದೆ ಎಂದಳು. ಕಾಯುವುದೆಂದೇ ಅವಳ ತೀರ್ಮಾನ ಆಯಿತೆಂದು ನನಗೆ ಅನಿಸಿತು.

ಸ್ಟೇಷನ್ನಿಗೆ ನಾನೊಬ್ಬಳೇ ಹೋದೆ. ಎರಡೂವರೆ ಇರಬಹುದು, ಕಣ್ಣು ಕುಕ್ಕುವ ಬಿಸಿಲು. ಗಾಡಿ ನಿಂತಾಗ ಭಟ್ಟರು ಹೇಳಿದ್ದ ಬೋಗಿಯನ್ನು ಹುಡುಕುತ್ತ ನಡೆಯುತ್ತಿದ್ದೆ. “ಅಕ್ಕಾ, ಇಲ್ಲಿ,” ಎಂದು ಒಂದು ಕಿಟಕಿಯಿಂದ ಕರೆದದ್ದು ಕೇಳಿಸಿತು. ನೋಡಿದರೆ ರಘು.

ನನಗೆ ಭಯವೇನೂ ಆಗಲಿಲ್ಲ. ಆದದ್ದು ಸಂತೋಷ, ಸ್ವಲ್ಪ ಸಿಟ್ಟು. ಇಷ್ಟು ಹತ್ತಿರ ಬಂದು ಮನೆಗೆ ಬರಲಿಲ್ಲವಲ್ಲ ಎಂದು ಬೈಯುತ್ತಲೇ, ಚೀಲ ಸರಳಿನೊಳಗೆ ಹಿಡಿಯದ್ದರಿಂದ ಪೊಟ್ಟಣಗಳನ್ನು ಒಂದೊಂದಾಗಿ ತೂರಿಸಿದೆ. ಅವನು ತೆಗೆದು ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಕೊನೆಗೆ ಬಟ್ಟೆಚೀಲವನ್ನೂ ಮಡಿಸಿ ಕೊಟ್ಟೆ. ಅವನ ಬೆರಳು ನನ್ನ ಕೈಗೆ ತಾಗಿತು, ಬೆಚ್ಚಗೇ ಇತ್ತು. ಅವನು ಒಂದು ಪೊಟ್ಟಣವನ್ನು ಸರಳಿನಿಂದಾಚೆ ವಾಪಸು ಚಾಚಿದ. ಮೇಲೆ ನನ್ನದೇ ಅಕ್ಷರ, ರಘು–ಸುಧಾ.

“ಇದು ಅವಳ ಹತ್ರಾನೇ ಇರ್ಲಿ ಅಕ್ಕ. ಕಾಯೋದು ಬೇಡ ಅಂತ ಹೇಳಿ. ಮೈಸೂರಿಗೆ ಹೋಗ್ಲಿ,” ಎಂದ.

ಅಷ್ಟರಲ್ಲಿ ಗಾಡಿ ಹೊರಟಿತು. ಅವನು ಕೈ ಬೀಸಲಿಲ್ಲ, ನನ್ನನ್ನೇ ನೋಡುತ್ತಿದ್ದ. ಪೊಟ್ಟಣ ಹಿಡಿದು ನಿಂತಿದ್ದ ನನ್ನನ್ನು ಕಂಡು ಚಹಾ ಮಾರುವವನು, “ಎಂದಾ ಚೇಚೀ, ವಂಡಿ ಕಿಟ್ಟಿಯಿಲ್ಲೇ?” ಎಂದು ಕೇಳಿದ. ರೈಲು ತಪ್ಪಿತೇ ಎಂದು. ಹೂಂ ಎಂದೆ. ಮೈಸೂರಿನ ವಿಷಯ ರಘುವಿಗೆ ಹೇಗೆ ಗೊತ್ತು ಎಂದು ಹೊಳೆದದ್ದು ಆಗ.

ಮನೆಯ ದಾರಿಯಲ್ಲಿದ್ದಾಗ ಭಟ್ಟರ ಫೋನು. “ನೀವು ಬರ್ಲೇ ಇಲ್ಲ ಅಲ್ವಾ ಮಾರಾಯ್ರೆ, ನಾನು ಬಾಗಿಲಲ್ಲೇ ನಿಂತಿದ್ದೆ,” ಎಂದರು. ರಘುವಿನ ಕೈಗೆ ಕೊಟ್ಟೆನಲ್ಲ ಎಂದೆ. ಹುಡುಕುತ್ತೇನೆಂದು ಇಟ್ಟವರು ಅರ್ಧ ಗಂಟೆಗೆ ಮತ್ತೆ ಮಾಡಿದರು. ಪಕ್ಕದ ಬೋಗಿಯ ಖಾಲಿ ಸೀಟಿನ ಮೇಲೆ ಚೀಲ ಸಿಕ್ಕಿತು, ಎಲ್ಲ ನೀಟಾಗಿ ಜೋಡಿಸಿದೆ, ರಘು ಮಾತ್ರ ಎಲ್ಲೂ ಇಲ್ಲ ಎಂದರು.

ಸುಧಾಳಿಗೆ ಹೇಳಲೋ ಬೇಡವೋ ಎಂದು ಮೆಟ್ಟಿಲು ಹತ್ತುವಾಗಲೂ ಯೋಚಿಸಿದೆ. ಆದರೆ ಪೊಟ್ಟಣ ಕೈಯಲ್ಲೇ ಇತ್ತು, ಅವಳು ಬಾಗಿಲಲ್ಲೇ ಇದ್ದಳು. ಎಲ್ಲ ಕೇಳಿ ಅವನಿಗೆ ವಿಡಿಯೋ ಕರೆ ಮಾಡಿದಳು. ಎಂಟು ತಿಂಗಳಲ್ಲಿ ಮೊದಲ ಸಲವಂತೆ, ಅವನು ತಕ್ಷಣ ಎತ್ತಿದ. ತಲೆಯ ಮೇಲೆ ಹಳದಿ ಹೆಲ್ಮೆಟ್, ಹಿಂದೆ ಕಲ್ಲುಬಂಡೆಗಳ ರಾಶಿ, ಅದರಾಚೆ ಸಮುದ್ರ. ನಾನು ಗೋಡೆಯ ಗಡಿಯಾರ ನೋಡಿದೆ. ನಾಲ್ಕಕ್ಕೆ ಹತ್ತು ನಿಮಿಷ. ಆ ರೈಲು ತಿರುವನಂತಪುರಕ್ಕೆ ಮೊದಲು ಬರುವ ಕೊಲ್ಲಂ ಕೂಡ ಮುಟ್ಟಿರಲಾರದು.

ತಾನು ಬೆಳಗಿನಿಂದ ಕೆಲಸದ ಜಾಗ ಬಿಟ್ಟು ಕದಲಿಲ್ಲ, ಮೈಸೂರಿನ ವಿಷಯ ಈಗಲೇ ಕೇಳುತ್ತಿದ್ದೇನೆ ಎಂದ. ಅವನ ಮುಖ ನೋಡಿದರೆ ಸುಳ್ಳೆನಿಸಲಿಲ್ಲ. ಸುಧಾ ಕೇಳಿದಳು, “ಹಾಗಾದ್ರೆ ಆ ಮಾತು ನಿಂದಲ್ವಾ?”

ಅವನು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ, “ನಾನು ಹೇಳಿಲ್ಲ ಸುಧಾ. ಆದ್ರೆ ಹೇಳ್ಬೇಕಾಗಿತ್ತು,” ಎಂದ.

ಅವಳು ಫೋನು ಕೆಳಗಿಟ್ಟು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಎಂಟು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸೋಮವಾರ ವರ್ಗಾವಣೆಗೆ ಒಪ್ಪಿ ಬರೆದುಕೊಟ್ಟಳು. ಹದಿನೈದು ದಿನದಲ್ಲಿ ಮನೆ ಖಾಲಿಯಾಯಿತು.

ನಮ್ಮನೆಯವರು ಅಂಬಲಮುಗಳ್‌ನ ರಿಫೈನರಿಯಲ್ಲಿ ಕೆಲಸ ಮಾಡುವ ಮನುಷ್ಯ, ಎಲ್ಲಕ್ಕೂ ಕಾರಣ ಬೇಕು ಅವರಿಗೆ. ಬಿಸಿಲಿಗೆ ತಲೆ ಸುತ್ತಿರಬೇಕು, ಯಾರೋ ಕನ್ನಡದ ಹುಡುಗ ಇರಬೇಕು ಎಂದರು. ನಾನೇ ಆ ಮಾತನ್ನು ಕಟ್ಟಿದೆ ಎಂಬ ಅನುಮಾನವನ್ನೂ ಒಮ್ಮೆ ಆಡಿದರು. ಅದಾದ ಮೇಲೆ ಎರಡು ದಿನ ಅವರಿಗೆ ತಿಳಿಸಾರೇ ಗತಿಯಾಯಿತು. ನಾನು ಸುಧಾಳಿಗೆ ಹೇಳಿದ್ದು ಕಾಯಿ ಎಂದೇ ಅಲ್ಲವೇ? ಅದರ ತದ್ವಿರುದ್ಧ ಮಾತನ್ನು ಯಾಕೆ ಕಟ್ಟಲಿ? ನಾನೂ ಎಷ್ಟೋ ರೀತಿ ಯೋಚಿಸಿದ್ದೇನೆ, ಯಾವುದೂ ಕೂಡಿ ಬರುವುದಿಲ್ಲ. ಸುಧಾಳಿಗೆ ಒಳ್ಳೆಯದಾಯಿತು ಎನ್ನುವುದು ನಿಜ. ಮೈಸೂರಿನಲ್ಲಿ ಮದುವೆಯಾದಳು, ಗಂಡ ಮೇಷ್ಟ್ರು, ಫೋನಿನಲ್ಲಿ ಅವಳ ನಗು ಮೊದಲಿನಂತೆ ಇದೆ. ಆದರೆ ಒಳ್ಳೆಯದಾಯಿತು ಎಂದ ಮಾತ್ರಕ್ಕೆ ಕಿಟಕಿಯಲ್ಲಿ ಕೂತಿದ್ದವನು ಯಾರೆಂದು ತಿಳಿದಂತಾಗುವುದಿಲ್ಲ.

ಕಳೆದ ವರ್ಷ ಓಣಂ ಕಳೆದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಬಾಗಿಲ ಕರೆಗಂಟೆ ಸದ್ದಾಯಿತು. ತೆಗೆದರೆ ರಘು, ಕೈಯಲ್ಲಿ ಒಂದು ಬ್ಯಾಗು. ಮೇಲೆ ಹೋಗಿ ನೋಡಿದೆ, ಬೇರೆ ಯಾರೋ ಇದ್ದಾರೆ ಎಂದ. ಅವಳು ಕೊನೆಗೆ ಹೋದಳೋ ಇಲ್ಲವೋ ಅವನಿಗೆ ಯಾರೂ ತಿಳಿಸಿರಲಿಲ್ಲ. ಒಳಗೆ ಕೂರಿಸಿ ಸುಧಾಳ ಮದುವೆಯ ವಿಷಯ ಹೇಳಿದೆ. ಅವಳು ಆಗ ಐದು ತಿಂಗಳ ಬಸುರಿ, ಅದನ್ನೂ ಹೇಳಿದೆ. ಅವನು ನೆಲ ನೋಡುತ್ತ ಕೂತಿದ್ದು, “ಹುಷಾರಾಗಿದ್ದಾಳಾ ಅಕ್ಕ?” ಎಂದು ಕೇಳಿದ. ಇದ್ದಾಳೆ ಎಂದೆ. ದೋಸೆ ಹುಯ್ದು ಕೊಟ್ಟೆ, ಎರಡು ತಿಂದ. ತಟ್ಟೆ ತೊಳೆದಿಟ್ಟು, ತಾನು ಬಂದದ್ದನ್ನು ಅವಳಿಗೆ ಹೇಳಬಾರದೆಂದು ಕೇಳಿಕೊಂಡು ಮಧ್ಯಾಹ್ನದ ಗಾಡಿಗೆ ಹೊರಟ. ನಮ್ಮನೆಯವರು ಅವನ ಬ್ಯಾಗು ಎತ್ತಿಕೊಂಡು ಸ್ಟೇಷನ್ನಿನವರೆಗೂ ಜೊತೆಗೆ ಹೋದರು, ಕಿಟಕಿಯಲ್ಲಿ ಕೂತ ಅವನನ್ನೇ ನೋಡುತ್ತ ಗಾಡಿ ಹೊರಟು ಹೋಗುವ ತನಕ ನಿಂತು ಬಂದರು.